ಎರಡು ಗ್ರಾಫಿಕ್ಸ್ ಕಾರ್ಡ್, ಒಂದು ಪವರ್ ಸಪ್ಲೈ: ಎಷ್ಟು ವ್ಯಾಟ್ ಬೇಕು, ಏನೇನು ನೋಡಬೇಕು?

ಚಿತ್ರಚಕ್ರ ಬರೆದರು:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಡಿಸಿಕೊಂಡು ಕುಳಿತಿದ್ದೇನೆ, ತಿಳಿದವರು ನೆರವಾಗಬೇಕು.

ನನ್ನ ಕಂಪ್ಯೂಟರಿನಲ್ಲಿ ಒಂದು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್ ಇತ್ತು. ಅದೇ ಮಾದರಿಯ ಇನ್ನೊಂದು ಕಾರ್ಡ್, ಬಳಸಿದ್ದು, ಸಿಕ್ಕಿತು; ತಂದು ಹಾಕಿದೆ. ಹಗಲು ಬ್ಲೆಂಡರ್ ಎಂಬ 3ಡಿ ಚಿತ್ರಗಳ ತಂತ್ರಾಂಶದಲ್ಲಿ ಕೆಲಸ, ರಾತ್ರಿ ಆಟ. ಪ್ರೊಸೆಸರ್ ರೈಜನ್ 9 5950ಎಕ್ಸ್. ಪವರ್ ಸಪ್ಲೈ 850 ವ್ಯಾಟ್, 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ದರ್ಜೆಯದ್ದು, ಕೊಂಡು ನಾಲ್ಕು ವರ್ಷವಾಗಿದೆ. ಒಂದೇ ಕಾರ್ಡ್ ಇದ್ದಾಗ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಈಗ ರೆಂಡರ್, ಅಂದರೆ ದೃಶ್ಯದಿಂದ ಅಂತಿಮ ಚಿತ್ರ ಮೂಡಿಸುವ ಕೆಲಸ, ಶುರು ಮಾಡಿದ ಒಂದೆರಡು ಸೆಕೆಂಡಿನಲ್ಲಿ ಇಡೀ ಯಂತ್ರ ಪಟ್ಟನೆ ಆರಿಹೋಗುತ್ತದೆ. ನೀಲಿ ಪರದೆಯಿಲ್ಲ, ದೋಷದ ಸಂದೇಶವಿಲ್ಲ. ಆಮೇಲೆ ಮುಂದಿನ ಗುಂಡಿಯನ್ನು ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ. ಪವರ್ ಸಪ್ಲೈಯ ಹಿಂಬದಿಯ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ವಿಂಡೋಸ್ ದಾಖಲೆಯಲ್ಲಿ ಕರ್ನಲ್ ಪವರ್ 41 ಎಂದಷ್ಟೇ ಇದೆ.

1000 ವ್ಯಾಟ್ ತಂದರೆ ಸಾಕೇ? 1200? ಅಥವಾ ಒಂದೇ ಸಲಕ್ಕೆ 1600ಕ್ಕೆ ಹೋಗಲೇ? ದೊಡ್ಡದನ್ನು ಹಾಕಿದರೆ ಅದು ಸುಮ್ಮನೆ ಹೆಚ್ಚು ವಿದ್ಯುತ್ ಎಳೆಯುತ್ತದೆಯೇ ಎಂಬ ಸಂಶಯವೂ ಇದೆ.

ಹನ್ನೆರಡು ವೋಲ್ಟ್ ಬರೆದರು:

ಚಿತ್ರಚಕ್ರ ಅವರೇ, ನಿಮ್ಮ ವಿವರಣೆಯಲ್ಲೇ ಉತ್ತರ ಇದೆ. ಹಿಂಬದಿಯ ಸ್ವಿಚ್ ಆರಿಸಿ ಹಾಕಿದ ಮೇಲೆಯೇ ಏಳುತ್ತದೆ ಎಂದರೆ ಪವರ್ ಸಪ್ಲೈ ಕೆಟ್ಟಿಲ್ಲ. ತನ್ನ ರಕ್ಷಣಾ ಮಂಡಲವನ್ನು ಬಳಸಿ ತಾನಾಗಿಯೇ ಬಾಗಿಲು ಹಾಕಿಕೊಂಡಿದೆ. ಅದು ಹಾಗೆ ಮಾಡಿದ್ದಕ್ಕೆ ನೀವು ಕೃತಜ್ಞರಾಗಿರಬೇಕು. ಕರ್ನಲ್ ಪವರ್ 41ರಿಂದ ಕಾರಣ ತಿಳಿಯುವುದಿಲ್ಲ. ಯಂತ್ರ ಹೇಳದೆ ಕೇಳದೆ ಆರಿಹೋಯಿತು ಎಂದು ವಿಂಡೋಸ್ ಮತ್ತೆ ಏಳುವಾಗ ಬರೆದಿಟ್ಟ ಟಿಪ್ಪಣಿ ಅಷ್ಟೇ ಅದು.

ಲೆಕ್ಕ ನೋಡೋಣ. 3090ರ ಘೋಷಿತ ಬಳಕೆ 350 ವ್ಯಾಟ್, ಎರಡಕ್ಕೆ 700. ನಿಮ್ಮ ಪ್ರೊಸೆಸರಿನ ವಿವರಪಟ್ಟಿಯಲ್ಲಿ 105 ವ್ಯಾಟ್ ಎಂದಿದ್ದರೂ ಮೂಲ ಸೆಟ್ಟಿಂಗಿನಲ್ಲೇ ಅದು 142 ವ್ಯಾಟ್‌ವರೆಗೆ ಎಳೆಯುತ್ತದೆ. ಮದರ್‌ಬೋರ್ಡ್, ಮೆಮೊರಿ, ಡಿಸ್ಕುಗಳು, ಫ್ಯಾನುಗಳಿಗೆ 80ರಿಂದ 100 ಇಟ್ಟುಕೊಳ್ಳಿ. ಒಟ್ಟು 940ರ ಆಸುಪಾಸು. 850ರಲ್ಲಿ ಇದು ನಡೆಯುವ ಮಾತೇ ಅಲ್ಲ.

ಆದರೆ ಇದು ಸರಾಸರಿಯ ಲೆಕ್ಕ. ಗ್ರಾಫಿಕ್ಸ್ ಕಾರ್ಡಿನ ಹಸಿವು ಸಮನಾಗಿರುವುದಿಲ್ಲ. 350 ಎಂದು ಹೇಳಿಕೊಳ್ಳುವ ಕಾರ್ಡ್ ಮಿಲಿಸೆಕೆಂಡಿಗೂ ಕಡಿಮೆ ಹೊತ್ತು 500 ದಾಟಿ ಹೋಗಿ ಮತ್ತೆ ಇಳಿಯುತ್ತದೆ. ನಿಮ್ಮ ಮೀಟರ್ ಅದನ್ನು ಕಾಣುವುದಿಲ್ಲ, ಸಾಫ್ಟ್‌ವೇರ್ ತೋರಿಸುವುದಿಲ್ಲ, ಆದರೆ ಪವರ್ ಸಪ್ಲೈ ಒಳಗಿನ ರಕ್ಷಣಾ ಚಿಪ್ಪಿಗೆ ಕಾಣುತ್ತದೆ. ಒಂದೇ ಕಾರ್ಡ್ ಇದ್ದಾಗ ಈ ಜಿಗಿತವನ್ನು ನಿಮ್ಮ 850 ನುಂಗಿಕೊಳ್ಳುತ್ತಿತ್ತು. ಈಗ ರೆಂಡರ್ ಆರಂಭವಾಗುವ ಕ್ಷಣದಲ್ಲಿ ಎರಡೂ ಕಾರ್ಡುಗಳು ಒಟ್ಟಿಗೆ ಜಿಗಿಯುತ್ತಿವೆ.

2022ರಲ್ಲಿ ಬಂದ, ಪವರ್ ಸಪ್ಲೈಗಳ ಎಟಿಎಕ್ಸ್ 3.0 ಮಾನದಂಡ ಈ ಕಾರಣಕ್ಕಾಗಿಯೇ ಮುಖ್ಯ. ಅದರ ಪ್ರಕಾರ ದೊಡ್ಡ ಪವರ್ ಸಪ್ಲೈಗಳು ತಮ್ಮ ಘೋಷಿತ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡುಗಳ ಕಾಲ ಟ್ರಿಪ್ ಆಗದೆ ತಡೆದುಕೊಳ್ಳಬೇಕು. ಎಟಿಎಕ್ಸ್ 3.0 ಅಥವಾ 3.1ರ 1200 ವ್ಯಾಟ್ ನಿಮಗೆ ಸಾಕು. ಹಳೆಯ ಮಾನದಂಡದ್ದಾದರೆ 1300ರಿಂದ 1600 ಎನ್ನುತ್ತೇನೆ. 1000 ತಂದರೆ ಇನ್ನೊಮ್ಮೆ ಇದೇ ಪ್ರಶ್ನೆಯೊಂದಿಗೆ ಬರುತ್ತೀರಿ.

ಹೆಚ್ಚು ವಿದ್ಯುತ್ ಎಳೆಯುವುದೇ ಎಂಬ ಸಂಶಯ ಬಿಡಿ. ದೊಡ್ಡ ಹಂಡೆಯಿಂದ ಒಂದು ಚೊಂಬು ನೀರು ಮೊಗೆದರೆ ಖರ್ಚಾಗುವುದು ಒಂದು ಚೊಂಬೇ. ತೀರಾ ಕಡಿಮೆ ಹೊರೆಯಲ್ಲಿ ದಕ್ಷತೆ ತುಸು ಇಳಿಯುತ್ತದೆ, ಅಷ್ಟೇ.

ರಾತ್ರಿಯಾಟ ಬರೆದರು:

ಪವರ್ ಸಪ್ಲೈಗೆ ಹಣ ಸುರಿಯುವ ಮೊದಲು ಒಂದು ಮಾತು ಕೇಳಲೇಬೇಕು. ಎರಡನೆಯ ಕಾರ್ಡ್ ಆಟಕ್ಕಾಗಿಯೇ?

ನಾನು ಈ ಎರಡು ಕಾರ್ಡುಗಳ ಆಟವನ್ನು ಬಹಳ ವರ್ಷ ಪ್ರೀತಿಯಿಂದ ಆಡಿದವನು, ಹಾಗಾಗಿ ನೋವಿನಿಂದಲೇ ಹೇಳುತ್ತೇನೆ: ಆಟಗಳಲ್ಲಿ ಆ ಕಾಲ ಮುಗಿಯಿತು. 1998ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ 2 ಕಾರ್ಡುಗಳು ಪರದೆಯ ಸಾಲುಗಳನ್ನು ಹಂಚಿಕೊಂಡು ಬಿಡಿಸುತ್ತಿದ್ದವು. 2004ರಲ್ಲಿ ಎನ್ವಿಡಿಯಾ ಎರಡು ಕಾರ್ಡುಗಳನ್ನು ಜೋಡಿಸುವ ಎಸ್‌ಎಲ್‌ಐ ತಂದಿತು, ಮರುವರ್ಷ ಎಟಿಐ ಕ್ರಾಸ್‌ಫೈರ್ ತಂದಿತು. ಒಂದು ಕಾರ್ಡ್ ಒಂದು ಫ್ರೇಮ್, ಇನ್ನೊಂದು ಮುಂದಿನ ಫ್ರೇಮ್ ಎಂಬ ಸರದಿ. ಸಂಖ್ಯೆ ಏರುತ್ತಿತ್ತು, ಆದರೆ ಫ್ರೇಮುಗಳ ನಡುವಿನ ಅಂತರ ಏರುಪೇರಾಗಿ ಚಿತ್ರ ತಡವರಿಸುತ್ತಿತ್ತು. 2021ರ ಆರಂಭದಿಂದ ಎನ್ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲುಗಳನ್ನು, ಅಂದರೆ ಆಯಾ ಆಟಕ್ಕೆ ಬೇಕಾದ ಸೆಟ್ಟಿಂಗುಗಳನ್ನು, ಸೇರಿಸುವುದನ್ನೇ ನಿಲ್ಲಿಸಿತು. ಮನೆಬಳಕೆಯ ಜೀಫೋರ್ಸ್ ಕಾರ್ಡುಗಳಲ್ಲಿ ಎನ್‌ವಿಲಿಂಕ್ ಜೋಡಣೆ ಇದ್ದ ಕೊನೆಯ ತಲೆಮಾರು ನಿಮ್ಮ 3090ರದ್ದೇ. ಆಟಗಳು ಕಾರ್ಡಿನೊಂದಿಗೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12ರಲ್ಲಿ ಆಟ ತಯಾರಿಸುವವರೇ ಎರಡು ಕಾರ್ಡುಗಳನ್ನು ದುಡಿಸುವ ದಾರಿ ಇದೆ, ಆ ಶ್ರಮ ತೆಗೆದುಕೊಂಡವರು ಬೆರಳೆಣಿಕೆಯಷ್ಟು ಮಂದಿ.

ಆಟವಷ್ಟೇ ಗುರಿಯಾಗಿದ್ದರೆ ಎರಡನೆಯದನ್ನು ಮಾರಿಬಿಡಿ. ಹೊಸ ಪವರ್ ಸಪ್ಲೈ ಬೇಕಾಗುವುದೇ ಇಲ್ಲ.

ಚಿತ್ರಚಕ್ರ ಬರೆದರು:

ಇಬ್ಬರಿಗೂ ಧನ್ಯವಾದ. ರಾತ್ರಿಯಾಟ ಅವರೇ, ಎರಡನೆಯದು ರೆಂಡರಿಗಾಗಿಯೇ. ಬ್ಲೆಂಡರಿನಲ್ಲಿ ರೆಂಡರ್ ಮಾಡುವ ಸೈಕಲ್ಸ್ ಒಂದೇ ಚಿತ್ರವನ್ನು ಎರಡೂ ಕಾರ್ಡುಗಳಿಗೆ ಹಂಚುತ್ತದೆ, ಎಸ್‌ಎಲ್‌ಐ ಹಂಗಿಲ್ಲ. ಆರಿಹೋಗುವ ಮೊದಲು ಸಿಕ್ಕ ಆ ಒಂದೆರಡು ಸೆಕೆಂಡಿನಲ್ಲೇ ವೇಗ ಕಂಡು ಆಸೆಯಾಗಿದೆ. ಆಟಕ್ಕೆ ಒಂದೇ ಕಾರ್ಡ್ ಸಾಕು.

ಇನ್ನೊಂದು ವಿಷಯ. ಪ್ರತಿ ಕಾರ್ಡಿಗೆ 8 ಪಿನ್‌ನ ಎರಡು ಕನೆಕ್ಟರುಗಳಿವೆ. ನನ್ನ ಬಳಿ ಇರುವುದು ಎರಡು ಕೇಬಲ್, ಪ್ರತಿ ಕೇಬಲಿನ ತುದಿಯಲ್ಲಿ ಎರಡೆರಡು ತಲೆ. ಹಾಗಾಗಿ ಒಂದು ಕಾರ್ಡಿಗೆ ಒಂದು ಕೇಬಲ್ ಎಂದು ಹಾಕಿದ್ದೇನೆ. ಇದರಿಂದ ತೊಂದರೆಯೇ?

ಬೆಸುಗೆಕಡ್ಡಿ ಬರೆದರು:

ತೊಂದರೆಯೇ. ಇಷ್ಟು ಹೊತ್ತು ಓದುತ್ತಿದ್ದೆ, ಇದಕ್ಕೆ ಉತ್ತರಿಸದೆ ಇರಲಾರೆ.

ನಾನು ರಿಪೇರಿ ಕೆಲಸದವನು. ಪವರ್ ಸಪ್ಲೈ ಎಂದ ಕೂಡಲೇ ಜನ ವ್ಯಾಟ್ ಕೇಳುತ್ತಾರೆ. ನನ್ನ ಮೇಜಿಗೆ ಬರುವ ಸುಟ್ಟ ಯಂತ್ರಗಳಲ್ಲಿ ಹೆಚ್ಚಿನವುಗಳಿಗೆ ವ್ಯಾಟ್ ಕೊರತೆ ಇರಲಿಲ್ಲ. ಆ ವ್ಯಾಟ್ ಕಾರ್ಡಿಗೆ ತಲುಪುವ ದಾರಿ ಕಿರಿದಾಗಿತ್ತು.

ಒಂದು 8 ಪಿನ್ ಕನೆಕ್ಟರಿಗೆ ಮಾನದಂಡ ನಿಗದಿ ಮಾಡಿದ ಮಿತಿ 150 ವ್ಯಾಟ್, 6 ಪಿನ್‌ಗೆ 75. ಎಂಟು ಪಿನ್ ಇದ್ದರೂ 12 ವೋಲ್ಟ್ ಹೊರುವ ತಂತಿಗಳು ಮೂರೇ. ಉಳಿದವು ಹಿಂದಿರುಗುವ ದಾರಿ ಮತ್ತು ಗುರುತಿನ ತಂತಿಗಳು. 150 ವ್ಯಾಟ್ ಎಂದರೆ 12.5 ಆಂಪಿಯರ್, ತಂತಿಗೆ ನಾಲ್ಕು ಚಿಲ್ಲರೆ. ಎರಡು ತಲೆಯ ಒಂದೇ ಕೇಬಲ್ ಹಾಕಿದಾಗ 300 ವ್ಯಾಟ್ ಅದೇ ಮೂರು ತಂತಿಗಳಲ್ಲಿ ಹರಿಯಬೇಕು. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಒಳ್ಳೆಯ ದಪ್ಪ ತಂತಿಯಾದರೆ ತಡೆದುಕೊಳ್ಳುತ್ತದೆ, ಪವರ್ ಸಪ್ಲೈ ಬದಿಯ ಪಿನ್ನು ತಡೆದುಕೊಳ್ಳದಿರಬಹುದು. ಒಂದು ಗಂಟೆ ರೆಂಡರ್ ಓಡಿಸಿ ಅಲ್ಲಿ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಹಿಂದಕ್ಕೆಳೆದುಕೊಳ್ಳುವಷ್ಟು ಬಿಸಿಯಾಗಿದ್ದರೆ ಅಂದೇ ಬಿಚ್ಚಿ.

ಹಾಗಾಗಿ ನಿಮ್ಮ ಹೊಸ ಪವರ್ ಸಪ್ಲೈ ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಕೂರುವ ಪಿಸಿಐಇ ಕಿಂಡಿಗಳು ಕನಿಷ್ಠ ನಾಲ್ಕು ಪ್ರತ್ಯೇಕವಾಗಿರಬೇಕು, ನಾಲ್ಕು ಪ್ರತ್ಯೇಕ ಕೇಬಲ್‌ಗಳು ಬರಬೇಕು. ಕೊಳ್ಳುವ ಮೊದಲು ಚಿತ್ರದಲ್ಲಿ ಎಣಿಸಿ. ಪ್ರೊಸೆಸರಿಗೆ ಹೋಗುವ ಕೇಬಲ್ ಕೂಡ ಅದೇ ಸಾಲಿನ ಕಿಂಡಿಯನ್ನು ಬಳಸುವ ಮಾದರಿಗಳಿವೆ, ಅದನ್ನು ಕಳೆದು ಎಣಿಸಿ.

ಇನ್ನೊಂದು ದಾರಿ ಯಾರ ಗಮನಕ್ಕೂ ಬರುವುದಿಲ್ಲ. ಕಾರ್ಡ್ ತನ್ನ ಕೇಬಲ್‌ನಿಂದ ಮಾತ್ರವಲ್ಲ, ಕುಳಿತ ಸ್ಲಾಟ್‌ನಿಂದಲೂ ವಿದ್ಯುತ್ ಪಡೆಯುತ್ತದೆ. ಮಿತಿ 75 ವ್ಯಾಟ್. ಅದರಲ್ಲಿ 12 ವೋಲ್ಟಿನದು 5.5 ಆಂಪಿಯರ್, ಅಂದರೆ 66 ವ್ಯಾಟ್. ಇದು ಬರುವುದು ಮದರ್‌ಬೋರ್ಡಿನ 24 ಪಿನ್ ಕನೆಕ್ಟರಿನ ಮೂಲಕ, ಮತ್ತು ಆ ಇಪ್ಪತ್ನಾಲ್ಕರಲ್ಲಿ 12 ವೋಲ್ಟಿನವು ಎರಡೇ. ಒಮ್ಮೆ ನಾಲ್ಕು ಕಾರ್ಡುಗಳ ಯಂತ್ರವೊಂದು ನನ್ನ ಬಳಿ ಬಂತು. 24 ಪಿನ್ ಕನೆಕ್ಟರನ್ನು ಎಳೆದರೆ ಬರಲಿಲ್ಲ. ಅಲ್ಲಾಡಿಸಿ ತೆಗೆದಾಗ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಅಕ್ಕಪಕ್ಕದ ಎರಡು ಗೂಡುಗಳು ಕಾಫಿ ಕಲೆಯಂತೆ ಕಂದಾಗಿದ್ದವು, ಒಳಗಿನ ಪಿನ್ನುಗಳು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದವು, ಹಳದಿ ತಂತಿಯ ಹೊದಿಕೆ ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಉಳಿದ ಇಪ್ಪತ್ತೆರಡು ಹೊಸದರಂತೆ ಇದ್ದವು. ನಾಲ್ಕು ಕಾರ್ಡ್, ತಲಾ 5.5 ಆಂಪಿಯರ್, ಎರಡು ತಂತಿ; ಲೆಕ್ಕ ನೀವೇ ಮಾಡಿ. ಅದೇ ಬೋರ್ಡಿನ ಕೆಳ ಅಂಚಿನಲ್ಲಿ ಸ್ಲಾಟ್‌ಗಳಿಗೆಂದೇ ಕೊಟ್ಟಿದ್ದ 6 ಪಿನ್ ಕಿಂಡಿ ಖಾಲಿಯಾಗಿತ್ತು. ಅದಕ್ಕೊಂದು ಕೇಬಲ್ ಸಿಕ್ಕಿಸಿದ್ದರೆ ಬೋರ್ಡ್ ಉಳಿಯುತ್ತಿತ್ತು.

ನಿಮ್ಮದು ಎರಡೇ ಕಾರ್ಡ್, ಗಾಬರಿ ಬೇಡ. ಆದರೆ ಬೋರ್ಡಿನಲ್ಲಿ ಅಂಥ ಕಿಂಡಿ ಇದ್ದರೆ ಖಾಲಿ ಬಿಡಬೇಡಿ. ಮತ್ತು ಡಿಸ್ಕುಗಳಿಗೆ ವಿದ್ಯುತ್ ಕೊಡುವ ಸಾಟಾ ಕೇಬಲಿನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರನ್ನು ಯಾರು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಹೊರಬಲ್ಲದ್ದು 54 ವ್ಯಾಟ್.

ಏಕತಂತು ಬರೆದರು:

ಬೆಸುಗೆಕಡ್ಡಿ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಜೊತೆಗೆ ಒಂದು ಸಲಹೆ: ಒಂದೇ 12 ವೋಲ್ಟ್ ರೇಲ್ (ತನ್ನದೇ ಆಂಪಿಯರ್ ಮಿತಿಯುಳ್ಳ ವಿದ್ಯುತ್ ಸಾಲು) ಇರುವುದನ್ನೇ ಕೊಳ್ಳಿ. ಹಲವು ರೇಲ್‌ಗಳಾಗಿ ಹಂಚಿದ ಪವರ್ ಸಪ್ಲೈಯಲ್ಲಿ ಒಂದು ರೇಲ್ ತುಂಬಿ ತುಳುಕುತ್ತಿದ್ದರೂ ಪಕ್ಕದ್ದು ಖಾಲಿ ಕುಳಿತಿರುತ್ತದೆ, ಯಂತ್ರ ಮಾತ್ರ ಆರಿಹೋಗುತ್ತದೆ.

ಬೆಸುಗೆಕಡ್ಡಿ ಬರೆದರು:

ಇಲ್ಲಿ ನಾನು ಒಪ್ಪುವುದಿಲ್ಲ. 1200 ವ್ಯಾಟ್‌ನ ಒಂಟಿ ರೇಲ್ ಎಂದರೆ ಒಂದೇ ಕೊಳವೆಯಲ್ಲಿ 100 ಆಂಪಿಯರ್. ಒಂದು ಕೇಬಲಿನಲ್ಲಿ ಅರೆಬರೆ ಶಾರ್ಟ್ ಆಗಿ 50 ಆಂಪಿಯರ್ ಹರಿಯತೊಡಗಿದರೂ ಅದರ ಪಾಲಿಗೆ ಅದು ಮಾಮೂಲಿ ಹೊರೆ. ತಂತಿ ಉರಿಯುತ್ತದೆ, ಪವರ್ ಸಪ್ಲೈ ನೋಡುತ್ತಿರುತ್ತದೆ. ಹಲವು ರೇಲ್‌ಗಳಿದ್ದರೆ ತಲಾ 30 ಅಥವಾ 40 ಆಂಪಿಯರಿಗೆ ಕಡಿತವಾಗುತ್ತದೆ.

ಹನ್ನೆರಡು ವೋಲ್ಟ್ ಬರೆದರು:

ಇಬ್ಬರ ಅನುಭವವೂ ನಿಜ, ಕಾಲ ಬೇರೆ. ಎಟಿಎಕ್ಸ್ ಮಾನದಂಡ ಹಿಂದೆ ಒಂದು ರೇಲ್‌ಗೆ 240 ವ್ಯಾಟ್ ಮಿತಿ ಹಾಕಿತ್ತು, ಅಂದರೆ 20 ಆಂಪಿಯರ್. ಆ ಕಾಲದಲ್ಲಿ ದೊಡ್ಡ ಕಾರ್ಡುಗಳು ಹಲವು ರೇಲ್‌ಗಳಲ್ಲಿ ನಿಜವಾಗಿಯೂ ಪರದಾಡಿದವು. ಇಂದು ಹಲವು ರೇಲ್‌ಗಳ ಒಳ್ಳೆಯ ಪವರ್ ಸಪ್ಲೈಗಳು ಅದಕ್ಕಿಂತ ಬಹಳ ಎತ್ತರದ ಮಿತಿ ಇಟ್ಟುಕೊಂಡಿರುತ್ತವೆ. ಕಾರ್ಡುಗಳನ್ನು ಬೇರೆ ಬೇರೆ ರೇಲ್‌ಗಳಿಗೆ ಹಂಚಿದರೆ ಸಾಕು. ಯಾವ ಕಿಂಡಿ ಯಾವ ರೇಲ್‌ಗೆ ಸೇರಿದ್ದೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ನಾನಾದರೆ ರೇಲ್‌ಗಳ ಎಣಿಕೆ ನೋಡಿ ಆಯ್ಕೆ ಮಾಡುವುದಿಲ್ಲ. ಪವರ್ ಸಪ್ಲೈಯ ವಿವರಪಟ್ಟಿಯಲ್ಲಿ 12 ವೋಲ್ಟಿನ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿ ನೋಡುತ್ತೇನೆ. ಡಬ್ಬದ ಮೇಲೆ 1200 ಎಂದಿದ್ದು ಗುಣಾಕಾರ 900 ಎಂದರೆ, ಆ ಪವರ್ ಸಪ್ಲೈ ನನ್ನ ಪಾಲಿಗೆ 900ರದ್ದೇ.

ಜೋಡಿಡಬ್ಬ ಬರೆದರು:

ಹಳೆಯ 850 ಹೇಗೂ ಇದೆಯಲ್ಲ, ಜೊತೆಗೆ 650 ಒಂದನ್ನು ಸೇರಿಸಿಕೊಳ್ಳಬಾರದೇಕೆ? ನನ್ನ ಯಂತ್ರ ಎರಡು ಪವರ್ ಸಪ್ಲೈಗಳಲ್ಲೇ ಮೂರು ವರ್ಷದಿಂದ ಓಡುತ್ತಿದೆ.

ಬೆಸುಗೆಕಡ್ಡಿ ಬರೆದರು:

ಮಾಡಬಹುದು, ಮಾಡಿದವರಿದ್ದಾರೆ, ಆದರೆ ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. ಎರಡೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಮಲಗಬೇಕು. ಅದಕ್ಕೆಂದೇ ಸಿಗುವ ಚಿಕ್ಕ ಜೋಡಣಾ ಫಲಕ ಬೇಕು. ಹಸಿರು ತಂತಿಯನ್ನು ಕಪ್ಪು ತಂತಿಗೆ ತಂತಿತುಣುಕಿನಿಂದ ಸೇರಿಸಿ ಎಬ್ಬಿಸುವುದು ಪರೀಕ್ಷೆಗೆ ಸರಿ, ದಿನಬಳಕೆಗಲ್ಲ. ಎರಡರ ನೆಲ, ಅಂದರೆ ಕಪ್ಪು ತಂತಿ, ಒಂದಾಗಿರಬೇಕು. ಎರಡರ 12 ವೋಲ್ಟ್ ಎಲ್ಲಿಯೂ ಕೂಡಬಾರದು. ಒಂದು ಕಾರ್ಡಿನ ಎರಡು ಕನೆಕ್ಟರುಗಳನ್ನು ಎರಡು ಬೇರೆ ಪವರ್ ಸಪ್ಲೈಗಳಿಗೆ ಕೊಡಬಾರದು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಬದುಕುವುದಕ್ಕಿಂತ ಒಂದು ಒಳ್ಳೆಯ ಪವರ್ ಸಪ್ಲೈ ನೆಮ್ಮದಿ.

ಸದ್ದಡಗು ಬರೆದರು:

ಯಾರೂ ಶಾಖದ ಮಾತು ಎತ್ತಿಲ್ಲ. 700 ವ್ಯಾಟ್ ಎಂದರೆ ಕ್ಯಾಬಿನೆಟ್ ಒಳಗೆ ಒಂದು ಚಿಕ್ಕ ಹೀಟರ್. ಕೆಳಗಿನ ಕಾರ್ಡ್ ಪವರ್ ಸಪ್ಲೈಗೆ ಹತ್ತಿರವಿರುತ್ತದೆ. ಪವರ್ ಸಪ್ಲೈಯ ಫ್ಯಾನ್ ಕೆಳಮುಖವಾಗಿರಲಿ, ಹೊರಗಿನ ತಂಪು ಗಾಳಿಯನ್ನೇ ಎಳೆಯಲಿ. ಕೆಳಗಿನ ಜಾಲರಿಯ ದೂಳು ತೆಗೆಯುತ್ತಿರಿ. ಒಂದು ಪವರ್ ಸಪ್ಲೈ ಪೂರ್ಣ ಸಾಮರ್ಥ್ಯವನ್ನು 50 ಡಿಗ್ರಿಯಲ್ಲೂ ಕೊಡುತ್ತದೆಯೇ ಎಂದು ನೋಡಿ ಕೊಳ್ಳಿ. 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿಯ ತಂಪಿನಲ್ಲಿ. ಬ್ರಾಂಜ್, ಗೋಲ್ಡ್, ಟೈಟಾನಿಯಂ ಎಂಬ ಹೆಸರುಗಳು ದಕ್ಷತೆಯ ದರ್ಜೆಗಳು ಮಾತ್ರ, ವೋಲ್ಟೇಜ್ ಎಷ್ಟು ಸ್ಥಿರ ಎಂಬುದಕ್ಕೆ ಅವು ಸಾಕ್ಷಿ ನುಡಿಯುವುದಿಲ್ಲ.

ಇನ್ನು ನನ್ನ ಇಷ್ಟದ ಉಪಾಯ: ಕಾರ್ಡುಗಳ ಪವರ್ ಮಿತಿಯನ್ನು ಇಳಿಸಿ. ನನ್ನ 3090ಯನ್ನು 350ರಿಂದ 290ಕ್ಕೆ ಕಟ್ಟಿಹಾಕಿದ್ದೇನೆ. ಗಂಟೆಗಟ್ಟಲೆ ನಡೆಯುವ ರೆಂಡರಿನಲ್ಲಿ ವ್ಯತ್ಯಾಸ ಕೆಲವು ನಿಮಿಷಗಳಷ್ಟು, ಆದರೆ ಫ್ಯಾನಿನ ಆರ್ಭಟ ನಿಂತಿದೆ. ಕೊನೆಯ 50, 60 ವ್ಯಾಟ್ ಕೊಡುವ ಫಲ ಬಹಳ ಕಡಿಮೆ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಒಂದು ಗುಬುಟು ಸರಿಸಿದರೆ ಮುಗಿಯಿತು.

ಹನ್ನೆರಡು ವೋಲ್ಟ್ ಬರೆದರು:

ಒಳ್ಳೆಯ ಮಾತು, ಒಂದು ಎಚ್ಚರಿಕೆಯೊಂದಿಗೆ. ಮಿತಿ ಇಳಿಸಿದರೆ ಸರಾಸರಿ ಇಳಿಯುತ್ತದೆ. ಕ್ಷಣಿಕ ಜಿಗಿತಗಳು ಅಷ್ಟೇ ಪ್ರಮಾಣದಲ್ಲಿ ಇಳಿಯುವ ಭರವಸೆ ಇಲ್ಲ. ಇದನ್ನು ನಂಬಿ 850ರಲ್ಲೇ ಉಳಿಯಬೇಡಿ.

ಯುಪಿಎಸ್ ಇದ್ದರೆ ಅದನ್ನೂ ನೋಡಿಕೊಳ್ಳಿ. ಅದರ ಮೇಲೆ ಬರೆದ ವಿಎ (ವೋಲ್ಟ್ ಆಂಪಿಯರ್) ಸಂಖ್ಯೆಯೇ ವ್ಯಾಟ್ ಅಲ್ಲ, ವ್ಯಾಟ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಇಂದಿನ ಪವರ್ ಸಪ್ಲೈಗಳಿಗೆ ಶುದ್ಧ ಸೈನ್ ಅಲೆ ಕೊಡುವ ಯುಪಿಎಸ್ ಒಳ್ಳೆಯದು. ಗೋಡೆಗೆ ಹೋಗುವ ತಂತಿಯನ್ನೂ ಮರೆಯಬೇಡಿ. ಸಾಮಾನ್ಯ ಸಿ13 ಕೇಬಲಿನ ಅಂತರರಾಷ್ಟ್ರೀಯ ಮಿತಿ 10 ಆಂಪಿಯರ್. ದೊಡ್ಡ ಪವರ್ ಸಪ್ಲೈಗಳಲ್ಲಿ ಕೆಲವು 16 ಆಂಪಿಯರಿನ ಸಿ20 ಕಿಂಡಿ ಇಟ್ಟುಕೊಂಡಿರುತ್ತವೆ, ಅದಕ್ಕೆ ಸಿ19 ಕೇಬಲ್ ಬೇಕು, ಹಳೆಯ ಕೇಬಲ್ ಕೂರುವುದಿಲ್ಲ.

ಚಿತ್ರಚಕ್ರ ಬರೆದರು:

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಎಟಿಎಕ್ಸ್ 3.0ರ 1200 ವ್ಯಾಟ್ ತಂದೆ. 12 ವೋಲ್ಟಿನ ಸಾಲಿನಲ್ಲಿ 100 ಆಂಪಿಯರ್ ಎಂದೇ ಇದೆ, ಗುಣಿಸಿ ನೋಡಿಯೇ ಕೊಂಡೆ. ಇಂದು ಸಂಜೆ ಜೋಡಿಸುತ್ತೇನೆ. ಹಳೆಯ ಪವರ್ ಸಪ್ಲೈಯ ಕೇಬಲ್‌ಗಳು ಕ್ಯಾಬಿನೆಟ್ ಹಿಂದೆ ಅಚ್ಚುಕಟ್ಟಾಗಿ ಕಟ್ಟಿಟ್ಟಿವೆ. ಅವನ್ನು ಹಾಗೆಯೇ ಬಿಟ್ಟು ಡಬ್ಬ ಮಾತ್ರ ಬದಲಿಸುತ್ತೇನೆ.

ಬೆಸುಗೆಕಡ್ಡಿ ಬರೆದರು:

ನಿಲ್ಲಿ! ಇದನ್ನು ಓದುವವರೆಗೆ ಯಾವುದನ್ನೂ ಸಿಕ್ಕಿಸಬೇಡಿ.

ಕೇಬಲಿನ ಕಾರ್ಡ್ ಬದಿಯ ತುದಿಗೆ ಮಾನದಂಡ ಇದೆ. ಪವರ್ ಸಪ್ಲೈ ಬದಿಯ ತುದಿಗೆ ಯಾವ ಮಾನದಂಡವೂ ಇಲ್ಲ. ಆಕಾರ ಒಂದೇ ಇರುತ್ತದೆ, ಸಲೀಸಾಗಿ ಕೂರುತ್ತದೆ, ಒಳಗೆ 12 ವೋಲ್ಟ್ ಇರಬೇಕಾದಲ್ಲಿ ನೆಲ ಇರಬಹುದು, 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ಹೋಗಬಹುದು. ಒಂದೇ ಕಂಪನಿಯ ಎರಡು ಸರಣಿಗಳ ನಡುವೆಯೂ ಹೀಗೆ ವ್ಯತ್ಯಾಸ ಇರುತ್ತದೆ. ಗುಂಡಿ ಒತ್ತಿದ ಕ್ಷಣ ಡಿಸ್ಕುಗಳು ಹೋಗುತ್ತವೆ, ಅದರೊಂದಿಗೆ ಅದರಲ್ಲಿರುವ ಕೆಲಸವೂ ಹೋಗುತ್ತದೆ. ಹಳೆಯ ಒಂದೊಂದು ಕೇಬಲನ್ನೂ ಬಿಚ್ಚಿ ಹೊರಗಿಡಿ. ಹೊಸ ಡಬ್ಬದಲ್ಲಿ ಬಂದದ್ದನ್ನು ಮಾತ್ರ ಹಾಕಿ.

ಚಿತ್ರಚಕ್ರ ಬರೆದರು:

ಬೆಸುಗೆಕಡ್ಡಿ ಅವರೇ, ನಿಮ್ಮ ಉತ್ತರ ನೋಡಿದಾಗ 24 ಪಿನ್ ಕೈಯಲ್ಲಿತ್ತು. ಎಲ್ಲವನ್ನೂ ಬಿಚ್ಚಿದೆ. ಹೊಸದರ ಕೇಬಲನ್ನು ಹಳೆಯದರ ಪಕ್ಕದಲ್ಲಿಟ್ಟು ಮಲ್ಟಿಮೀಟರಿನಿಂದ ತಂತಿ ತಂತಿ ಹಿಡಿದು ನೋಡಿದೆ: ಸಾಟಾ ಕೇಬಲಿನಲ್ಲಿ ಎರಡು ತಂತಿಗಳು ಅದಲುಬದಲಾಗಿದ್ದವು. ಆ ಡಿಸ್ಕಿನಲ್ಲಿ ಐದು ವರ್ಷದ ಕೆಲಸ ಇದೆ. ನಿಮಗೆ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ.

ನಾಲ್ಕು ಪ್ರತ್ಯೇಕ ಕೇಬಲ್ ಹಾಕಿದೆ. ಬೋರ್ಡಿನ ಕೆಳ ಅಂಚಿನಲ್ಲಿ ನೀವು ಹೇಳಿದ 6 ಪಿನ್ ಕಿಂಡಿ ನನ್ನದರಲ್ಲೂ ಇತ್ತು. ಇಷ್ಟು ವರ್ಷ ಅದು ಏತಕ್ಕೆಂದು ಯೋಚಿಸಿಯೇ ಇರಲಿಲ್ಲ. ಅದಕ್ಕೂ ಒಂದು ಕೇಬಲ್ ಕೊಟ್ಟೆ. ಮೊದಲು ಮಿತಿ ಇಳಿಸದೆಯೇ ಓಡಿಸಿದೆ: ಗೋಡೆಯ ಬಳಿಯ ಮೀಟರಿನಲ್ಲಿ 920 ವ್ಯಾಟ್ ಸುತ್ತಮುತ್ತ, ಆರಲಿಲ್ಲ. ಆಮೇಲೆ ಸದ್ದಡಗು ಅವರ ಮಾತಿನಂತೆ ಎರಡನ್ನೂ 300ಕ್ಕೆ ಇಳಿಸಿದೆ: 805. ರಾತ್ರಿಯಿಡೀ ಒಂದೇ ಸಮ ರೆಂಡರ್ ಆಯಿತು, ಬೆಳಿಗ್ಗೆ ಎದ್ದಾಗ ಕೊನೆಯ ಫ್ರೇಮ್ ಮುಗಿದು ಫ್ಯಾನುಗಳು ಮೆಲ್ಲಗೆ ತಿರುಗುತ್ತಿದ್ದವು. ಕೂಡಲೇ ಕನೆಕ್ಟರುಗಳ ಮೇಲೆ ಬೆರಳಿಟ್ಟೆ. ಐದೂ ಬೆಚ್ಚಗಿದ್ದವು, ಅಷ್ಟೇ.